ಹೊಲದಲ್ಲಿ ಸಿಕ್ಕ ಹಳೆಯ ಕಬ್ಬಿಣದ ವಸ್ತುಗಳನ್ನು ಗುರುತಿಸುವುದು ಹೇಗೆ?

ಗದಗ ಹತ್ತಿರದ ನಿಮ್ಮ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಮೆಟಲ್ ಡಿಟೆಕ್ಟರ್ ಆಡಿಸಿದಾಗ ನಾಲ್ಕು ಕಬ್ಬಿಣದ ವಸ್ತು ಸಿಕ್ಕಿವೆ. ತೂತುಗಳಿರುವ ಬಾಗಿದ ಪಟ್ಟಿ, ದಪ್ಪ ಚೌಕ ಮೊಳೆ, ಒಂದು ಗುಂಡು, ಒಂದು ಆಕಾರವಿಲ್ಲದ ಮುದ್ದೆ. ಎರಡು ಅಡಿ ಆಳದಲ್ಲಿದ್ದವು, ಹಾಗಾಗಿ ತುಂಬಾ ಹಳೆಯವೇ ಇರಬೇಕು, ಆಸಿಡ್ ಹಾಕಿ ತೊಳೆಯಲಾ ಅಂತ ಕೇಳಿದ್ದೀರಿ.

ಮೊದಲು ಆಸಿಡ್ ಬಾಟಲಿ ದೂರ ಇಡಿ. ವೈರ್ ಬ್ರಷ್ ಕೂಡ ಬೇಡ. ಬಹಳ ವರ್ಷ ಮಣ್ಣಲ್ಲಿದ್ದ ಕಬ್ಬಿಣದಲ್ಲಿ ಎಷ್ಟೋ ಸಲ ಲೋಹವೇ ಉಳಿದಿರುವುದಿಲ್ಲ. ವಸ್ತುವಿನ ಆಕಾರ ತುಕ್ಕಿನಲ್ಲೇ ಉಳಿದಿರುತ್ತದೆ. ತುಕ್ಕು ಕಿತ್ತರೆ ಆಕಾರವೂ ಹೋಯಿತು. ಮೆತ್ತನೆಯ ಬ್ರಷ್‌ನಿಂದ ಸಡಿಲ ಮಣ್ಣು ಕೊಡವಿ, ನೆರಳಲ್ಲಿ ಒಣಗಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಮೇಲೆ ಕಿತ್ತಳೆ ಬಣ್ಣದ ಹನಿ ಮೂಡಿದರೆ ಒಳಗಿನ ಉಪ್ಪು ಇನ್ನೂ ಕಬ್ಬಿಣವನ್ನು ತಿನ್ನುತ್ತಿದೆ ಅಂತ ಅರ್ಥ.

ಇನ್ನು ಆಳದ ಮಾತು. ಎರಿ ಮಣ್ಣಲ್ಲಿ ಆಳ ನೋಡಿ ವಯಸ್ಸು ಹೇಳಲು ಬರುವುದಿಲ್ಲ. ಬೇಸಿಗೆಯಲ್ಲಿ ನಮ್ಮ ಹೊಲ ಹೇಗೆ ಬಿರಿಯುತ್ತದೆ ಗೊತ್ತಲ್ವಾ? ಕೈ ಇಳಿಬಿಟ್ಟರೂ ತಳ ಸಿಗುವುದಿಲ್ಲ. ಹೋದ ವರ್ಷ ಟ್ರ್ಯಾಕ್ಟರ್‌ನಿಂದ ಉದುರಿದ ನಟ್ಟು ಆ ಬಿರುಕಿಗೆ ಬಿದ್ದು, ಮಳೆಗೆ ಮಣ್ಣು ಉಬ್ಬಿ ಮುಚ್ಚಿಕೊಂಡರೆ, ಅದೂ ಎರಡು ಅಡಿ ಕೆಳಗೇ ಸಿಗುತ್ತದೆ. ವಸ್ತುವನ್ನು ಹೇಗೆ ಮಾಡಿದ್ದಾರೆ, ಸುತ್ತಮುತ್ತ ಮತ್ತೇನಿತ್ತು ಅಂತ ನೋಡಬೇಕು. ನಮ್ಮದು ಕಮ್ಮಾರಿಕೆ ಮನೆತನ. ನಾನು ಕಬ್ಬಿಣ ನೋಡುವುದನ್ನು ಕಲಿತದ್ದೇ ಕುಲುಮೆ ಮುಂದೆ.

ಬಾಗಿದ ಪಟ್ಟಿ ಎತ್ತಿನ ಲಾಳ. ಅನುಮಾನವೇ ಬೇಡ. ಎತ್ತಿನ ಗೊರಸು ಎರಡು ಹೋಳು, ಹಾಗಾಗಿ ಕಾಲಿಗೆ ಎರಡರಂತೆ ಒಂದು ಎತ್ತಿಗೆ ಎಂಟು ಲಾಳ. ಕುದುರೆಯದಾದರೆ ಒಂದೇ ತುಂಡು. ದಪ್ಪ ಎಲ್ಲ ಕಡೆ ಒಂದೇ ಸಮ ಇದ್ದರೆ ಕಾರ್ಖಾನೆ ಪಟ್ಟಿಯಿಂದ ಕತ್ತರಿಸಿದ್ದು. ಅಂಚಿನಲ್ಲಿ ಒಂದು ಕಡೆ ತೆಳು, ಒಂದು ಕಡೆ ದಪ್ಪ ಇದ್ದರೆ ಬಡಿದು ಮಾಡಿದ್ದು.

ಮೊಳೆಯ ತಲೆ ಒಂದೇ ಕಡೆ ಚಾಚಿದೆ, ತುದಿ ಉಳಿಯ ಬಾಯಿಯ ಹಾಗೆ ಚಪ್ಪಟೆಯಾಗಿದೆ, ಹೊಲದ ಪಕ್ಕದಲ್ಲೇ ರೈಲು ಹಳಿ ಇದೆ ಅಂತಲೂ ಬರೆದಿದ್ದೀರಿ. ಹಳಿಯನ್ನು ಕಟ್ಟಿಗೆಯ ಸ್ಲೀಪರ್‌ಗೆ ಹಿಡಿದಿಡುವ ಮೊಳೆ ಅದು. ಗದಗಕ್ಕೆ ರೈಲು ಬಂದದ್ದು 1880ರ ದಶಕದಲ್ಲಿ, ಅದಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ.

ಗುಂಡಿನ ವಿಷಯದಲ್ಲಿ ಮಾತ್ರ ಹುಷಾರು. ನಮ್ಮ ಕಡೆ ಕೋಟೆ, ಕಾಳಗ ಜಾಸ್ತಿ. ಧಾರವಾಡ ಕೋಟೆಗೇ 1790-91ರಲ್ಲಿ ತಿಂಗಳುಗಟ್ಟಲೆ ಮುತ್ತಿಗೆ ನಡೆದಿತ್ತು. ಹಾಗಂತ ಎಲ್ಲ ಗುಂಡೂ ತೋಪಿನದಲ್ಲ, ಕಲ್ಲು, ಅದಿರು ಪುಡಿ ಮಾಡುವ ಗಿರಣಿಯ ಗುಂಡುಗಳೂ ಹಾಗೇ ಕಾಣುತ್ತವೆ. ತೂಕ ಮಾಡಿ. 10 ಸೆಂ.ಮೀ. ಅಡ್ಡಳತೆಯ ಗಟ್ಟಿ ಬೀಡಿನ (ಎರಕ ಹೊಯ್ದ ಕಬ್ಬಿಣದ) ಗುಂಡು ಸುಮಾರು 3.7 ಕೆ.ಜಿ. ತೂಗುತ್ತದೆ. ಅಳತೆಗೆ ತಕ್ಕ ತೂಕಕ್ಕಿಂತ ಬಹಳ ಕಡಿಮೆ ಬಂದರೆ, ಅಥವಾ ಮೇಲೆ ಒಂದು ತೂತು ಕಂಡರೆ, ಒಳಗೆ ಪೊಳ್ಳಿರಬಹುದು, ಸಿಡಿಮದ್ದು ಇರಬಹುದು. ಬಡಿಯಬೇಡಿ, ಕೊರೆಯಬೇಡಿ, ಬೆಂಕಿಗೆ ಹಿಡಿಯಬೇಡಿ. ಅಲ್ಲೇ ಬಿಟ್ಟು ಪೊಲೀಸರಿಗೆ ಹೇಳಿ.

ನೀವು ಸುಮ್ನೆ ಬಿಸಾಡಬೇಕು ಅಂದುಕೊಂಡ ಮುದ್ದೆ ಇದೆಯಲ್ಲ, ನನಗೆ ಉಳಿದ ಮೂರಕ್ಕಿಂತ ಅದರ ಮೇಲೇ ಆಸೆ. ಫೋಟೋದಲ್ಲಿ ಒಂದು ಮೈ ಕರಗಿ ಹರಿದು ಗಟ್ಟಿಯಾದಂತಿದೆ, ಮುರಿದ ಕಡೆ ಗುಳ್ಳೆಗಳಿವೆ. ಅದು ಕಿಟ್ಟ, ಅಂದರೆ ಅದಿರಿನಿಂದ ಕಬ್ಬಿಣ ತೆಗೆದಾಗ ಉಳಿಯುವ ಕಸ. ಕಬ್ಬಿಣ ಕರಗಲು 1538 ಡಿಗ್ರಿ ಶಾಖ ಬೇಕು. ಹಳೆಯ ಮಣ್ಣಿನ ಒಲೆಗಳಲ್ಲಿ ಅಷ್ಟು ಏರುತ್ತಿರಲಿಲ್ಲ. ಸುಮಾರು 1200 ಡಿಗ್ರಿಗೆ ಕಿಟ್ಟ ಕರಗಿ ಹರಿಯುತ್ತಿತ್ತು, ಕಬ್ಬಿಣ ಗಟ್ಟಿ ಉಂಡೆಯಾಗಿ ಉಳಿಯುತ್ತಿತ್ತು. ಆ ಉಂಡೆಯನ್ನು ಕಾಸಿ ಕಾಸಿ ಬಡಿದರೂ ಒಂದಿಷ್ಟು ಕಿಟ್ಟ ಒಳಗೇ ಎಳೆ ಎಳೆಯಾಗಿ ಉಳಿಯುತ್ತದೆ. ಅದಕ್ಕೇ ಹಳೆಯ ಬಡಿದ ಕಬ್ಬಿಣ ತುಕ್ಕು ಹಿಡಿದಾಗ ಹಳೇ ಕಟ್ಟಿಗೆಯ ಹಾಗೆ ಉದ್ದಕ್ಕೆ ಸೀಳುತ್ತದೆ. ಬೀಡು ಹಾಗೆ ಸೀಳುವುದಿಲ್ಲ, ಬೂದು ಬಣ್ಣದಲ್ಲಿ ತುಂಡಾಗುತ್ತದೆ.

ಊರ ಕುಲುಮೆಯಲ್ಲೂ ಕಿಟ್ಟ ಬರುತ್ತದೆ, ಹೌದು. ಆದರೆ ಅದು ಸಣ್ಣ ಬಟ್ಟಲಿನಾಕಾರದಲ್ಲಿರುತ್ತದೆ, ಹರಿದ ಗುರುತು ಇರುವುದಿಲ್ಲ. ನಿಮ್ಮ ಹೊಲದಲ್ಲಿ ಹರಿದ ಗುರುತಿರುವ ತುಂಡುಗಳು ಜಾಸ್ತಿ ಇದ್ದು, ಸುಟ್ಟ ಮಣ್ಣು, ತಿದಿಯ ಗಾಳಿ ಹೋಗುವ ಮಣ್ಣಿನ ಕೊಳವೆ ಚೂರು ಕಂಡರೆ ಅಲ್ಲಿ ಅದಿರು ಕರಗಿಸಿದ್ದಾರೆ. ಕಪ್ಪತಗುಡ್ಡದಲ್ಲಿ ಅದಿರಿದೆ, ದೂರದ ಮಾತಲ್ಲ. ಒಳಗೆ ಕಪ್ಪು, ಹೊರಗೆ ಕೆಂಪು ಬಣ್ಣದ ನುಣುಪು ಮಡಕೆ ಚೂರು ಸಿಕ್ಕರಂತೂ ಇನ್ನೂ ಹಿಂದಿನ ಕಾಲದ್ದಿರಬಹುದು. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ, ತುಂಗಭದ್ರೆ ದಂಡೆ ಮೇಲೆ, ಎಂ. ಎಸ್. ನಾಗರಾಜರಾವ್ 1965ರಲ್ಲಿ ಉತ್ಖನನ ಮಾಡಿದಾಗ ಕ್ರಿ.ಪೂ. 1000ದ ಆಸುಪಾಸಿನ ಕಬ್ಬಿಣದ ಬಾಣದ ಮೊನೆಗಳೇ ಸಿಕ್ಕಿವೆ.

ಹಾಗಾಗಿ ಇನ್ನು ಅಗೆಯಬೇಡಿ. ಕಿಟ್ಟ ಎಲ್ಲೆಲ್ಲಿ ಬಿದ್ದಿದೆ ಅಂತ ಮೊಬೈಲ್‌ನಲ್ಲಿ ಜಾಗದ ಗುರುತು ಹಾಕಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. 1972ರ ಕಾನೂನಿನ ಪ್ರಕಾರ 100 ವರ್ಷ ದಾಟಿದ ಇಂಥ ವಸ್ತು ಪುರಾತನ ವಸ್ತು, ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ. ಸಂರಕ್ಷಿತ ಸ್ಮಾರಕದ ಜಾಗದಲ್ಲಂತೂ ಡಿಟೆಕ್ಟರ್ ಹಿಡಿದು ಹೋಗಲೇಬೇಡಿ. ಧಾರವಾಡದಲ್ಲಿ ಪುರಾತತ್ವ ಸರ್ವೇಕ್ಷಣ ಇಲಾಖೆಯ ಕಚೇರಿ ಇದೆ, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಇತಿಹಾಸ ವಿಭಾಗ ಇದೆ. ಕಿಟ್ಟ ಮತ್ತು ಮಡಕೆ ಚೂರಿನ ಫೋಟೋ ಹಿಡಿದು ಅಲ್ಲಿಗೆ ಹೋಗಿ. ಗುಂಡಿನ ಅಡ್ಡಳತೆ, ತೂಕ ಇಲ್ಲಿ ಬರೆಯಿರಿ, ಲೆಕ್ಕ ಹಾಕಿ ಹೇಳುತ್ತೇನೆ. ತೂತು ಕಂಡರೆ ಮಾತ್ರ ಎತ್ತಲೂ ಹೋಗಬೇಡಿ.