ಸಿಮೆಂಟ್ ನೆಲಕ್ಕಿಟ್ಟರೆ ಬ್ಯಾಟರಿ ಇಳಿಯುತ್ತದೆಯೇ?

ಪ್ರಶ್ನೆ: ಮೂರು ತಿಂಗಳು ಕಾರು ಓಡಿಸುವುದಿಲ್ಲವೆಂದು ಬ್ಯಾಟರಿ ಬಿಚ್ಚಿ ಸಿಮೆಂಟ್ ನೆಲದ ಮೇಲಿಟ್ಟಿದ್ದೆ. ಈಗ ಪೂರ್ತಿ ಇಳಿದುಹೋಗಿದೆ. ‘ಕರೆಂಟನ್ನು ನೆಲ ಎಳೆದುಕೊಂಡಿದೆ, ಹಲಗೆಯ ಮೇಲಿಡಬೇಕಿತ್ತು’ ಎನ್ನುತ್ತಾರೆ ನಮ್ಮ ಮಾವ. ನಿಜವೇ ಸರ್?

ಉತ್ತರ: ನಿಮ್ಮ ಮಾವನವರ ಮಾತು ಹಳೆಯ ಬ್ಯಾಟರಿಗಳ ಮಟ್ಟಿಗೆ ಸರಿ. ನಾನು ಕೆಲಸ ಕಲಿಯುವಾಗ ಬ್ಯಾಟರಿಯನ್ನು ನೆಲಕ್ಕಿಟ್ಟರೆ ಮೇಸ್ತ್ರಿ ಓಡಿಬಂದು ಅದರ ಅಡಿಗೆ ಹಲಗೆ ತೂರಿಸುತ್ತಿದ್ದರು. ಆಗ ಬ್ಯಾಟರಿಯ ಮೈ ಕರಿಯ ಗಟ್ಟಿ ರಬ್ಬರಿನದು. ಅದರಲ್ಲಿ ಇಂಗಾಲದ ಪುಡಿ ಬೆರೆತಿರುತ್ತಿತ್ತು, ಸಣ್ಣ ರಂಧ್ರಗಳೂ ಇರುತ್ತಿದ್ದವು. ಆಸಿಡ್ ಜಿನುಗಿ ನೆಲದ ತೇವಕ್ಕೆ ಸೇರಿದರೆ ಕರೆಂಟ್ ಸೋರಲು ದಾರಿಯಾಗುತ್ತಿತ್ತು. ಈಗಿನದು ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್. ಅದನ್ನು ದಾಟಿ ಕರೆಂಟ್ ನೆಲಕ್ಕಿಳಿಯುವುದಿಲ್ಲ.

ಸೀಸ-ಆಸಿಡ್ ಬ್ಯಾಟರಿ ಎಲ್ಲಿಟ್ಟರೂ ತನ್ನಷ್ಟಕ್ಕೆ ಇಳಿಯುತ್ತದೆ. ಹೊಸದಾದರೆ ತಿಂಗಳಿಗೆ ಸುಮಾರು ಶೇ. 3ರಿಂದ 5, ಹಳೆಯದಾದರೆ ಇನ್ನೂ ಹೆಚ್ಚು. ಸೆಖೆ 10 ಡಿಗ್ರಿ ಏರಿದರೆ ಇಳಿಯುವ ವೇಗ ಹೆಚ್ಚುಕಡಿಮೆ ಇಮ್ಮಡಿ. ಹಾಗೆ ನೋಡಿದರೆ ತಣ್ಣನೆಯ ಸಿಮೆಂಟ್ ನೆಲ ಅದಕ್ಕೆ ಒಳ್ಳೆಯ ಜಾಗವೇ.

ಮೂರೇ ತಿಂಗಳಿಗೆ ಹೀಗಾಗಬೇಕಾದರೆ, ಬಿಚ್ಚುವಾಗಲೇ ಚಾರ್ಜ್ ಅರೆಬರೆ ಇತ್ತೆಂದು ನನ್ನ ಅನುಮಾನ. ಇಲ್ಲವೇ ಮೇಲ್ಭಾಗದ ಕೊಳೆ. ಇದನ್ನು ನೀವೇ ಪರೀಕ್ಷಿಸಬಹುದು. ಮುಂದೆ ಹೇಳುವಂತೆ ಚಾರ್ಜ್ ಮಾಡಿದ ಮೇಲೆ ಮಲ್ಟಿಮೀಟರಿನ (ವೋಲ್ಟ್ ಅಳೆಯುವ ಮೀಟರು) ಕಪ್ಪು ಕಡ್ಡಿಯನ್ನು ಮೈನಸ್ ಟರ್ಮಿನಲ್ಲಿಗೆ ಒತ್ತಿ ಹಿಡಿದು, ಕೆಂಪು ಕಡ್ಡಿಯನ್ನು ಬರೀ ಪ್ಲಾಸ್ಟಿಕ್ಕಿನ ಮೇಲೆ, ಧೂಳು ಅಂಟಂಟಾಗಿ ಕೂತಲ್ಲಿ, ಮೆಲ್ಲಗೆ ಎಳೆಯಿರಿ. ಒಣಗಿ ಶುಚಿಯಾಗಿದ್ದರೆ ಮೀಟರು ಸೊನ್ನೆ ಬಿಟ್ಟು ಅಲುಗಬಾರದು. ನನ್ನ ಮೇಜಿಗೆ ಬಂದಿದ್ದ ಒಂದು ಬ್ಯಾಟರಿಯಲ್ಲಿ ಮೊದಲು 2 ವೋಲ್ಟ್ ತೋರಿಸಿತು. ಪ್ಲಸ್ ಕಡೆಗೆ ಸರಿದಂತೆ 4, 6 ಎಂದು ಏರುತ್ತಲೇ ಹೋಯಿತು. ಆಸಿಡ್ಡಿನ ಪಸೆ ಧೂಳಿನ ಜೊತೆ ಸೇರಿ, ಎರಡು ಟರ್ಮಿನಲ್ ನಡುವೆ ತಂತಿ ಎಳೆದಂತಾಗಿತ್ತು. ಅಡಿಯಲ್ಲಿ ಹಲಗೆಯಂತೂ ಇತ್ತು! ಮೇಲೆ ಸೋರುವುದನ್ನು ಬಿಟ್ಟು ಕೆಳಗೆ ಹಲಗೆ ಹಾಕಿ ನೆಮ್ಮದಿಯಾಗಿರುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಬಿರಡೆಗಳನ್ನು ಬಿಗಿ ಮಾಡಿ, ಅಡುಗೆ ಸೋಡಾ ಕಲಸಿದ ನೀರಿನಲ್ಲಿ ನೊರೆ ನಿಲ್ಲುವವರೆಗೆ ಒರೆಸಿ, ಆಮೇಲೆ ಬರೀ ನೀರಿನಲ್ಲಿ ಒರೆಸಿ ಒಣಗಿಸಿ. ಕೈಗವಸು, ಕನ್ನಡಕ ಮರೆಯಬೇಡಿ.

ಬ್ಯಾಟರಿಯನ್ನು ಈಗಲೇ ಬಿಸಾಡಬೇಡಿ. ಗಾಳಿಯಾಡುವ ಜಾಗದಲ್ಲಿ (ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ, ಬೆಂಕಿ ಹತ್ತಿರ ಬೇಡ) ನಿಧಾನವಾಗಿ ಚಾರ್ಜ್ ಮಾಡಿ. 45 ಆಂಪಿಯರ್-ಅವರ್‌ನದಾದರೆ 4 ಆಂಪಿಯರ್ ಸಾಕು. ಒಂದು ರಾತ್ರಿ ಸುಮ್ಮನೆ ಬಿಟ್ಟು ಅಳೆಯಿರಿ. 12.6 ವೋಲ್ಟ್ ನಿಂತಿದ್ದರೆ ಒಳ್ಳೆಯ ಲಕ್ಷಣ. 12ರ ಹತ್ತಿರಕ್ಕೆ ಜಾರಿದ್ದರೆ ಒಳಗಿನ ಸೀಸದ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂತಿರಬಹುದು, ಅಥವಾ ಒಂದು ಸೆಲ್ (ಬ್ಯಾಟರಿಯೊಳಗಿನ ಒಂದು ಕೋಣೆ) ಹೋಗಿರಬಹುದು. ಇಳಿದ ಬ್ಯಾಟರಿಯನ್ನು ಹಾಗೇ ಬಿಡುವುದರ ನಿಜವಾದ ಅಪಾಯ ಈ ಹರಳು.

ಮುಂದಿನ ಸಲ ಪೂರ್ತಿ ಚಾರ್ಜ್ ಮಾಡಿಯೇ ಎತ್ತಿಡಿ. ತಿಂಗಳಿಗೊಮ್ಮೆ ಅಳೆದು, 12.4ಕ್ಕೆ ಇಳಿದರೆ ಮತ್ತೆ ಚಾರ್ಜ್ ಮಾಡಿ. ಮಾವನವರ ಸಮಾಧಾನಕ್ಕೆ ಅಡಿಯಲ್ಲೊಂದು ಪ್ಲಾಸ್ಟಿಕ್ ತಟ್ಟೆ ಇಡಿ. ಆಸಿಡ್ ತೊಟ್ಟಿಕ್ಕಿದರೆ ಸಿಮೆಂಟನ್ನು ತಿಂದುಹಾಕುತ್ತದೆ, ನೆಲವಾದರೂ ಉಳಿಯುತ್ತದೆ.