ಮೂರನೇ ಪುಟದಿಂದ ಶುರು ಮಾಡಿ

ನಮಸ್ಕಾರ.

ನಿಮ್ಮ ಕಥೆ ಓದಿದೆ. ಈಗಿರುವ ರೂಪದಲ್ಲಿ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ‘ವಿಷಾದದೊಂದಿಗೆ ಹಿಂತಿರುಗಿಸಿದೆ’ ಎಂದು ಒಂದು ಸಾಲು ಗೀಚಿ ಕೈತೊಳೆದುಕೊಳ್ಳುವಂಥದ್ದೂ ಅಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಬೀದರಿನ ಪಿಯು ಹುಡುಗಿ. ಅಪ್ಪನ ಹಟಕ್ಕೆ ಸೈನ್ಸ್ ತಗೊಂಡವಳು, ಕೆಮಿಸ್ಟ್ರಿ ಕಂಡರೆ ಆಗದು. ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ಸಾಲ್ಟ್ ಅನಾಲಿಸಿಸ್ (ಕೊಟ್ಟ ಲವಣ ಯಾವುದೆಂದು ಟೆಸ್ಟ್ ಮಾಡಿ ಕಂಡುಹಿಡಿಯುವುದು) ಮಾಡುತ್ತಾ ಮಾಡುತ್ತಾ ಅವಳಿಗೆ ಖುಷಿ ಹತ್ತಿಬಿಡುತ್ತದೆ. ಇಷ್ಟೇ ಕಥೆ, ಇಷ್ಟು ಸಾಕು ಕೂಡ. ಆದರೆ ಅವಳು ಲ್ಯಾಬಿನ ಹೊಸ್ತಿಲು ದಾಟುವುದೇ ಮೂರನೇ ಪುಟದಲ್ಲಿ. ಅಲ್ಲಿಯವರೆಗೆ ಬಹಮನಿ ಸುಲ್ತಾನರು, ಕೋಟೆ, ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬಿದ್ರಿ ಕಲೆಗೆ 2006ರಲ್ಲಿ ಸಿಕ್ಕ ಜಿಐ (ಭೌಗೋಳಿಕ ಗುರುತು) ಮಾನ್ಯತೆ, 2023ರಲ್ಲಿ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಬಂದ ಪದ್ಮಶ್ರೀ. ಎಲ್ಲ ನಿಜವೇ. ಆದರೆ ಚೌಬಾರಾ ಹತ್ತಿರದ ಓಣಿಯಲ್ಲಿ ಬೆಳೆದ ಹುಡುಗಿ ರೆಕಾರ್ಡ್ ಬುಕ್ ಬಗಲಿಗಿಟ್ಟುಕೊಂಡು ಕಾಲೇಜಿಗೆ ಓಡುವಾಗ ಜಿಐ ಟ್ಯಾಗ್ ನೆನೆಸಿಕೊಳ್ಳುತ್ತಾಳೆಯೇ? ಊರಿನ ಮೇಲಿನ ಅಭಿಮಾನ ನನಗೂ ಅರ್ಥವಾಗುತ್ತದೆ. ಆದರೂ ಆ ಎರಡು ಪುಟ ತೆಗೆಯಿರಿ.

ಮೂರನೇ ಪುಟದಲ್ಲಿ ಒಂದು ಚೀಟಿ ಬರುತ್ತದೆ. ಸೀನಿಯರ್‌ಗಳಿಂದ ದಾಟಿ ಬಂದದ್ದು: ಯಾವ ನಂಬರಿನ ಬಾಟಲಿಯಲ್ಲಿ ಯಾವ ಸಾಲ್ಟ್. ಉತ್ತರ ಮೊದಲು ನೋಡಿ, ಟೆಸ್ಟುಗಳನ್ನು ಹಿಂದಿನಿಂದ ಮುಂದಕ್ಕೆ ಬರೆದುಬಿಡುವ ಪದ್ಧತಿ. ಪಿಯು ಸೈನ್ಸ್ ಓದಿದವರೆಲ್ಲ ಇಲ್ಲಿ ನಗುತ್ತಾರೆ. ಆ ದಿನ ಮೇಡಂ ನಂಬರು ಬದಲಿಸಿರುತ್ತಾರೆ, ಚೀಟಿ ರದ್ದಿಯಾಗುತ್ತದೆ. ಹುಡುಗಿ ತನ್ನ ಜೀವಮಾನದಲ್ಲಿ ಮೊದಲ ಸಲ ಒಂದು ಟೆಸ್ಟನ್ನು ನಿಜವಾಗಿ ಮಾಡಬೇಕಾಗುತ್ತದೆ. ಅವಳ ಖುಷಿಯ ಬೇರು ಇದೇ ಅಲ್ಲವೇ? ನೀವು ಇದನ್ನು ಎರಡು ಸಾಲಿನಲ್ಲಿ ಮುಗಿಸಿ ಅಪ್ಪನ ತ್ಯಾಗಕ್ಕೆ ಹೋಗಿಬಿಟ್ಟಿದ್ದೀರಿ. ಅಪ್ಪ ಸ್ವಲ್ಪ ಹೊತ್ತು ಕಾಯಲಿ.

ಮುಂದಿನದು ಇಡೀ ಕಥೆಯಲ್ಲೇ ಚೆನ್ನಾಗಿರುವ ಜಾಗ. ಬಿಳಿ ಪುಡಿಗೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಕಾಸುತ್ತಾಳೆ, ಮೂಗಿಗೆ ಘಾಟು ಹೊಡೆಯುತ್ತದೆ, ಲ್ಯಾಬ್ ಅಟೆಂಡರ್ ಗದರುತ್ತಾನೆ: “ಏಯ್, ಮೂಗು ಅದರಾಗ ಇಡಬ್ಯಾಡ, ಕೈಲೆ ಗಾಳಿ ಹಾಕ್ಕೋ.” ಈ ಒಂದು ಮಾತಿನಿಂದ ಆ ಮನುಷ್ಯ ಕಣ್ಣಿಗೆ ಕಟ್ಟುತ್ತಾನೆ. ಪಕ್ಕದಲ್ಲೇ ನಿಮ್ಮ ಮೇಡಂ ಮಾತ್ರ “ವಿದ್ಯಾರ್ಥಿನಿಯರೇ, ಅವಕ್ಷೇಪವನ್ನು ಗಮನಿಸಿರಿ” ಎನ್ನುತ್ತಾರೆ. ಬೀದರಿನ ಯಾವ ಲ್ಯಾಬಿನಲ್ಲಿ ಹೀಗೆ ಮಾತಾಡುತ್ತಾರೆ ಹೇಳಿ! “ಪ್ರೆಸಿಪಿಟೇಟ್ ಬಂತೇನವ್ವಾ?” ಎಂದು ಕೇಳಿಸಿ, ಸಾಕು.

ಆಮೇಲೆ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಅದ್ದಿದ ಗಾಜಿನ ಕಡ್ಡಿ ಟೆಸ್ಟ್‌ಟ್ಯೂಬಿನ ಬಾಯಿಗೆ ಹಿಡಿಯುತ್ತಾಳೆ. ದಟ್ಟ ಬಿಳಿ ಹೊಗೆ. ಓಣಿಯಲ್ಲಿ ಕಲಾಯಿಯವನು ಕಾದ ಪಾತ್ರೆಗೆ ನವಸಾಗರ ಉಜ್ಜಿದಾಗ ಎದ್ದ ಹೊಗೆ ಅವಳಿಗೆ ನೆನಪಾಗುತ್ತದೆ. ಎರಡೂ ಒಂದೇ ಅಮೋನಿಯಂ ಕ್ಲೋರೈಡಿನ ಹೊಗೆ. ಪಕ್ಕದ ಮನೆಯ ಬಿದ್ರಿ ಉಸ್ತಾದರು ಲೋಹ ಕಪ್ಪಾಗಿಸಲು ಕೋಟೆ ಮಣ್ಣಿನ ಜೊತೆ ಕಲಸುವುದೂ ಆ ನವಸಾಗರವನ್ನೇ. ನಂಬರ್ ಹಾಕಿದ ಬಾಟಲಿಯಲ್ಲಿದ್ದ ಅಪರಿಚಿತ ಸಾಲ್ಟ್, ಅವಳು ಚಿಕ್ಕವಳಿದ್ದಾಗಿನಿಂದ ನೋಡುತ್ತಾ ಬಂದ ಗಡ್ಡೆ! ಇಂಥ ಕಡೆ ನೀವು ಬರೆದದ್ದು: ‘ಅವಳಿಗೆ ಅವರ್ಣನೀಯ ಆನಂದವಾಯಿತು.’ ಅವರ್ಣನೀಯ ಅಂದಮೇಲೆ ಓದುಗರನ್ನು ಯಾಕೆ ಕರೆದಿರಿ? ಅವಳು ಕಡ್ಡಿಯನ್ನು ಇನ್ನೊಮ್ಮೆ ಹಿಡಿದಳೇ? ಟೆಸ್ಟ್ ಮುಗಿದಿದ್ದರೂ, ಮಾರ್ಕ್ಸಿಗೆ ಬೇಡದಿದ್ದರೂ, ಸುಮ್ಮನೆ ಹೊಗೆ ನೋಡಲಿಕ್ಕೆಂದು? ಅದನ್ನು ಬರೆಯಿರಿ. ಆನಂದ ಎಂಬ ಪದವೇ ಬೇಕಾಗುವುದಿಲ್ಲ.

ನನಗೆ ತಕರಾರಿರುವ ಇನ್ನೊಂದು ಸಾಲು: ‘ಕೋಟೆ ಮಣ್ಣಿನ ಮಾಯೆ ಯಾವ ವಿಜ್ಞಾನಕ್ಕೂ ನಿಲುಕದ್ದು.’ ಕೆಮಿಸ್ಟ್ರಿಯ ಕಥೆ ಬರೆಯುತ್ತಾ ಕೆಮಿಸ್ಟ್ರಿಯನ್ನೇ ಮನೆಯಿಂದ ಹೊರಗೆ ಹಾಕಿದಿರಲ್ಲ! ಬಿದ್ರಿಯ ಲೋಹದಲ್ಲಿ ಬಹುಪಾಲು ಸತು, ತಾಮ್ರ ಅಲ್ಪ. ಸಾಮಾನ್ಯವಾಗಿ ಹೇಳುವ ಲೆಕ್ಕ 16ಕ್ಕೆ 1. ಆ ಅಲ್ಪ ತಾಮ್ರ ಇರುವುದರಿಂದಲೇ ಮೇಲ್ಮೈ ಅಷ್ಟು ಗಾಢವಾಗಿ ಕಪ್ಪಾಗುವುದು. ಬರೀ ಸತು ಹಾಗೆ ಆಗದು. ಮಣ್ಣಿನಲ್ಲಿರುವ ನೈಟ್ರೇಟೂ ನವಸಾಗರವೂ ಸೇರಿ ಲೋಹವನ್ನು ಕಪ್ಪು ಮಾಡುತ್ತವೆ, ಕೂರಿಸಿದ ಬೆಳ್ಳಿಗೆ ಏನೂ ಆಗುವುದಿಲ್ಲ. ಮಾಯೆಗಿಂತ ಇದು ರುಚಿಯಾಗಿದೆ. ರುಚಿ ಅಂದೆನಲ್ಲ, ಉಸ್ತಾದರು ಮಣ್ಣನ್ನು ಚಿಟಿಕೆ ನಾಲಿಗೆಗೆ ಹಾಕಿಕೊಂಡು ಆಗುತ್ತದೋ ಇಲ್ಲವೋ ಎಂದು ತೀರ್ಮಾನಿಸುತ್ತಾರೆ. ಲ್ಯಾಬಿನಲ್ಲಿ ಕಲಿಸುವ ಮೊದಲ ಪಾಠ, ಏನನ್ನೂ ಬಾಯಿಗೆ ಹಾಕಬೇಡಿ. ನಿಮ್ಮ ಹುಡುಗಿಗೆ ಎರಡೂ ಗೊತ್ತಿವೆ, ಆದರೆ ಕಥೆಯಲ್ಲಿ ಅವು ಎಲ್ಲೂ ಮುಖಾಮುಖಿ ಆಗುವುದೇ ಇಲ್ಲ.

ಒಂದು ಕುತೂಹಲ. ನೈಟ್ರೇಟಿಗೆ ಕಂದು ಉಂಗುರದ ಟೆಸ್ಟ್ ಇದೆ: ಆಗಷ್ಟೇ ಮಾಡಿದ ಫೆರಸ್ ಸಲ್ಫೇಟ್ ದ್ರಾವಣ ಸೇರಿಸಿ, ಟ್ಯೂಬಿನ ಗೋಡೆಗುಂಟ ಸಲ್ಫ್ಯೂರಿಕ್ ಆಸಿಡ್ ಮೆಲ್ಲಗೆ ಇಳಿಸಿದರೆ ಎರಡು ದ್ರವ ಕೂಡುವಲ್ಲಿ ಉಂಗುರ ಮೂಡುತ್ತದೆ. ಅದೇ ವರ್ಷ ಅವಳು ಕಲಿತಿರುತ್ತಾಳೆ. ಉಸ್ತಾದರಿಂದ ಒಂದು ಮುಷ್ಟಿ ಮಣ್ಣು ತಂದು, ನೀರಲ್ಲಿ ಕಲಸಿ ಸೋಸಿ, ಮೇಡಂ ಎದುರಿಗೆ ಇಡಬೇಕು ಅಂತ ಅವಳಿಗೆ ಅನ್ನಿಸಲೇ ಇಲ್ಲವೇ? ಸೇರಿಸಲೇಬೇಕು ಎನ್ನುತ್ತಿಲ್ಲ. ಆದರೆ ಚೀಟಿ ನಂಬಿದ್ದ ಹುಡುಗಿ ತಾನಾಗಿ ಒಂದು ಪ್ರಶ್ನೆ ಎತ್ತಿಕೊಂಡು ಲ್ಯಾಬಿಗೆ ವಾಪಸ್ ಬಂದರೆ, ಈಗಿರುವ ಕೊನೆ ಬೇಕಾಗುವುದಿಲ್ಲ. ‘ಅಂದೇ ವಿಜ್ಞಾನಿಯಾಗುವ ಪಣ ತೊಟ್ಟಳು’ ಎನ್ನುವುದು ನಮಗೆ ಬರುವ ಶಾಲಾ ಕಥೆಗಳಲ್ಲಿ ಬಹುಪಾಲಿನ ಕೊನೆ. ಒಂದು ಮಧ್ಯಾಹ್ನ ಖುಷಿಯಾಯಿತು ಅಂತ ಜೀವನವೇ ಬರೆದುಕೊಡಬೇಕೆ? ನಾಳೆ ಅವಳು ಬಿಕಾಂಗೆ ಹೋದರೂ ಆ ಹೊಗೆ ಸುಳ್ಳಾಗುವುದಿಲ್ಲ.

ಸಣ್ಣ ತಿದ್ದುಪಡಿಗಳು. ಕ್ಲೋರೈಡಿಗೆ ಸಿಲ್ವರ್ ನೈಟ್ರೇಟ್ ಹಾಕಿದಾಗ ಹಳದಿ ಬಂತು ಎಂದಿದ್ದೀರಿ. ಬರುವುದು ಬಿಳಿ, ಒಡೆದ ಮೊಸರಿನ ಹಾಗೆ. ಅಮೋನಿಯಂ ಹೈಡ್ರಾಕ್ಸೈಡ್ ಹಾಕಿದರೆ ಕರಗಿಹೋಗುತ್ತದೆ. ಅದೇ ಸಿಲ್ವರ್ ನೈಟ್ರೇಟ್ ಬೆರಳಿಗೆ ತಾಗಿದರೆ ಆಮೇಲೆ ಕಪ್ಪು ಕಲೆ ಮೂಡುತ್ತದೆ, ಸೋಪಿಗೂ ಜಗ್ಗುವುದಿಲ್ಲ. ಇಡೀ ಮಧ್ಯಾಹ್ನ ಲ್ಯಾಬಿನಲ್ಲಿದ್ದ ನಿಮ್ಮ ಹುಡುಗಿಯ ಕೈ ಇಷ್ಟು ಚೊಕ್ಕಟವಾಗಿರುವುದು ನನಗೆ ನಂಬಿಕೆ ಬರಲಿಲ್ಲ.

ಅಪ್ಪನ ಭಾಗ ಒಂದು ಪ್ಯಾರಾಕ್ಕೆ ಇಳಿಸಿ. ಒಟ್ಟು 1,500 ಪದ ಮೀರದಿರಲಿ. ಯುನಿಕೋಡ್‌ನಲ್ಲಿ ಕಳಿಸಿ, ಹಿಂದಿನ ಫೈಲಿನಲ್ಲಿ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿದ್ದವು. ಅವಸರ ಬೇಡ, ಪರೀಕ್ಷೆ ಮುಗಿಸಿಕೊಂಡೇ ಕಳಿಸಿ.