ಅರಿಜೋನಾದ ಟ್ರೀ ಲಿಜರ್ಡ್, ಬ್ರಷ್ ಲಿಜರ್ಡ್: ಬಾಲದ ಉದ್ದ ನೋಡಿ ಗುರುತಿಸಬಹುದಾ?

ಬೇಡ. ಬಾಲ ನಂಬಿ ಮಗಳ ಸೈನ್ಸ್ ಪ್ರಾಜೆಕ್ಟ್ ಮುಳುಗಿಸಿದವನು ನಾನು.

ನಾವಿರೋದು ಫೀನಿಕ್ಸ್ ಹತ್ತಿರ. ಮರದಲ್ಲಿ ಯಾವ ಹಲ್ಲಿ ಜಾಸ್ತಿ, ಕ್ರಿಯೋಸೋಟ್ ಅನ್ನೋ ಮರುಭೂಮಿ ಪೊದೆಯಲ್ಲಿ ಯಾವುದು ಅನ್ನೋದು ಅವಳ ವಿಷಯ. ಫೋಟೋ ಅವಳು ತೆಗೀತಿದ್ದಳು, ವಿಂಗಡಿಸೋ ಕೆಲಸ ನಂದು. ಬ್ರಷ್ ಲಿಜರ್ಡ್‌ನ ಬಾಲ ಮೈಯ ಎರಡರಷ್ಟು, ಕೆಲವೊಮ್ಮೆ ಇನ್ನೂ ಉದ್ದ. ಟ್ರೀ ಲಿಜರ್ಡ್‌ದು ಅಷ್ಟಿರಲ್ಲ ಅಂತ ಓದಿದ್ದೆ. ಅದು ಸುಳ್ಳೇನಲ್ಲ. ಆದರೆ ಎರಡೂ ಜೀವಭಯಕ್ಕೆ ಬಾಲ ಕಳಚಿ ಓಡೋ ಜಾತಿ. ಮತ್ತೆ ಚಿಗುರಿದ ಬಾಲ ಮೊದಲಿನಷ್ಟು ಉದ್ದ ಬರಲ್ಲ. ಸರಿಯಾಗಿ ನೋಡಿದರೆ ಒಂದು ಜಾಗದಲ್ಲಿ ಬಣ್ಣ, ಹುರುಪೆಯ ಸಾಲು ಥಟ್ಟನೆ ಬದಲಾಗಿರುತ್ತೆ. ಅಲ್ಲಿಂದಾಚೆ ಹೊಸ ಬಾಲ. ನಾನು ಅದನ್ನ ನೋಡದೆ ಸ್ಕ್ರೀನ್ ಮೇಲೆ ಸ್ಕೇಲ್ ಇಟ್ಟು ಅಳೆದೆ. ಮೋಟು ಬಾಲದ ಬ್ರಷ್ ಲಿಜರ್ಡ್‌ಗಳೆಲ್ಲ ಟ್ರೀ ಲಿಜರ್ಡ್ ಲೆಕ್ಕಕ್ಕೆ ಹೋದವು. ಅನುಮಾನ ಬಂದಾಗ ಇನ್ನೂ ಘನಕಾರ್ಯ ಮಾಡಿದೆ: ಮರದ ಮೇಲಿದ್ದರೆ ಟ್ರೀ, ಪೊದೆಯಲ್ಲಿದ್ದರೆ ಬ್ರಷ್! ಯಾವುದು ಎಲ್ಲಿರುತ್ತೆ ಅಂತ ಹುಡುಕೋದೇ ಪ್ರಾಜೆಕ್ಟ್ ಆಗಿರುವಾಗ, ಎಲ್ಲಿದೆ ಅಂತ ನೋಡಿ ಹೆಸರಿಟ್ಟರೆ ಏನು ಉಳಿಯಿತು? ತೀರ್ಪುಗಾರರೊಬ್ಬರು ಒಂದು ಫೋಟೋ ಹಿಗ್ಗಿಸಿ ಬೆನ್ನು ತೋರಿಸಿದರು. ಮಗಳು ನನ್ನ ಮುಖ ನೋಡಿದಳು.

ಬೆನ್ನೇ ನೋಡಬೇಕು. ಟ್ರೀ ಲಿಜರ್ಡ್‌ಗೆ ಬೈತಲೆ ತೆಗೆದ ಹಾಗಿರುತ್ತೆ: ದೊಡ್ಡ ಹುರುಪೆಗಳ ಎರಡು ಪಟ್ಟಿ, ನಟ್ಟನಡುವೆ ಉದ್ದಕ್ಕೂ ಸಣ್ಣ ಹುರುಪೆಗಳ ಗೆರೆ. ಬ್ರಷ್ ಲಿಜರ್ಡ್‌ಗೆ ಆ ಗೆರೆ ಇಲ್ಲ, ದೊಡ್ಡ ಹುರುಪೆಗಳ ಒಂದೇ ಅಗಲವಾದ ಪಟ್ಟಿ. ಪಟ್ಟಿಯೇ ಕಾಣದೆ, ಮುಂಗಾಲಿನ ಕಂಕುಳ ಹಿಂದೆ ಕಪ್ಪು ಮಚ್ಚೆ ಇದ್ದರೆ ಅದು ಎರಡೂ ಅಲ್ಲ, ಸೈಡ್-ಬ್ಲಾಚ್ಡ್ ಲಿಜರ್ಡ್ ಅನ್ನೋ ಬೇರೆ ಹಲ್ಲಿ.

ಗಂಟಲಿನ ಬಣ್ಣ ನೋಡಿ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕ್ಕೋಬೇಡಿ. ಟ್ರೀ ಲಿಜರ್ಡ್ ಗಂಡುಗಳಲ್ಲೇ ನೀಲಿ, ಹಸಿರು, ಕಿತ್ತಳೆ, ಹಳದಿ ಎಲ್ಲ ಸಿಗುತ್ತೆ. ಹೆಸರನ್ನಂತೂ ನಂಬಲೇಬೇಡಿ. ಬ್ರಷ್ ಲಿಜರ್ಡ್ ಮೆಸ್ಕೀಟ್ ಮರಕ್ಕೂ (ನಮ್ಮ ಬಳ್ಳಾರಿ ಜಾಲಿಯ ಬಳಗ) ಹತ್ತುತ್ತೆ, ಟ್ರೀ ಲಿಜರ್ಡ್ ಬಂಡೆ ಮೇಲೂ ಮನೆ ಕಾಂಪೌಂಡ್ ಗೋಡೆ ಮೇಲೂ ಇರುತ್ತೆ.

ಹಿಡಿಯೋಕೆ ಹೋಗಬೇಡಿ, ಇನ್ನೊಂದು ಮೋಟು ಬಾಲ ಆಗುತ್ತೆ ಅಷ್ಟೇ. ಬ್ರಷ್ ಲಿಜರ್ಡ್ ಕೊಂಬೆಯುದ್ದಕ್ಕೂ ಮೈ ಚಾಚಿ, ತಾನು ಯಾರಿಗೂ ಕಾಣಲ್ಲ ಅನ್ನೋ ಧೈರ್ಯದಲ್ಲಿ ಅಲುಗಾಡದೆ ಬಿದ್ದಿರುತ್ತೆ. ಬೇಕಾದಷ್ಟು ಟೈಮ್ ಸಿಗುತ್ತೆ. ಮೇಲಿನಿಂದ, ಬೆನ್ನು ಪೂರ್ತಿ ಬರೋ ಹಾಗೆ ಜೂಮ್ ಹಾಕಿ ತೆಗೀರಿ.